ತುಂಡುಗಳ ನಡುವೆ ನಡೆದವನು

ಪ್ರೀತಿಯ ಮಗಳಿಗೆ,

ಕರ್ತನ ನಾಮದಲ್ಲಿ ದೊಡ್ಡಪ್ಪನ ಆಶೀರ್ವಾದಗಳು. ನಿನ್ನ ಪತ್ರ ಮೊನ್ನೆ ತಲುಪಿತು. ಸಂಡೇ ಸ್ಕೂಲಿನಲ್ಲಿ ಒಬ್ಬ ಹುಡುಗ, ದೇವರು ಇಸ್ರಾಯೇಲ್ಯರನ್ನು ಕೈಬಿಟ್ಟದ್ದು ನಿಜವೇ ಎಂದು ಕೇಳಿದಾಗ, ಅವರು ಒಡಂಬಡಿಕೆಯನ್ನು ಮುರಿದರು, ಆದ್ದರಿಂದ ದೇವರು ಅದನ್ನು ರದ್ದುಮಾಡಿ ನಮ್ಮೊಡನೆ ಹೊಸದನ್ನು ಮಾಡಿಕೊಂಡನು ಎಂದು ಉತ್ತರಿಸಿದ್ದಾಗಿ ಬರೆದಿದ್ದೀಯ. ಆ ಉತ್ತರವನ್ನು ನೀನು ಕಟ್ಟಿದ್ದಲ್ಲ. ನಿನ್ನ ವಯಸ್ಸಿನಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ, ನನಗೆ ಕಲಿಸಿದವರೂ ಅದನ್ನೇ ಹೇಳುತ್ತಿದ್ದರು. ಆದರೂ ಅದು ತಪ್ಪು, ಮತ್ತು ಮಕ್ಕಳ ಮುಂದೆ ಆಡಿದ ತಪ್ಪಾದ್ದರಿಂದ ತಡಮಾಡದೆ ತಿದ್ದಬೇಕಾದದ್ದು.

ಮೊದಲು ಪದವನ್ನೇ ನೋಡು. ನಮ್ಮ ಬೈಬಲಿನ ಎರಡು ಭಾಗಗಳಿಗೂ ಕನ್ನಡದಲ್ಲಿ ಒಡಂಬಡಿಕೆ ಎಂದೇ ಹೆಸರಿದೆ. ಲ್ಯಾಟಿನ್ನಿನವರು ಉಯಿಲು ಎಂಬ ಅರ್ಥದ ಪದವನ್ನು ಬಳಸಿದ್ದರಿಂದ ಯೂರೋಪಿನ ಎಷ್ಟೋ ಭಾಷೆಗಳಲ್ಲಿ ಮೂಲದ ಅರ್ಥ ಮರೆಯಾಯಿತು; ನಮಗೆ ಆ ನಷ್ಟವಾಗಲಿಲ್ಲ. ಹೀಬ್ರೂ ಭಾಷೆಯಲ್ಲಿ ಅದು 'ಬೆರೀತ್'. ಆ ಭಾಷೆಯವರು ಒಡಂಬಡಿಕೆಯನ್ನು 'ಮಾಡಿದರು' ಎನ್ನುವುದಕ್ಕಿಂತ 'ಕಡಿದರು' ಎನ್ನುವುದೇ ಹೆಚ್ಚು. ಹಾಗೇಕೆಂಬುದು ಆದಿಕಾಂಡದ 15ನೆಯ ಅಧ್ಯಾಯದಲ್ಲಿ ಕಣ್ಣಿಗೆ ಕಟ್ಟುತ್ತದೆ.

ಇಸ್ರಾಯೇಲ್ಯರ ಮೂಲಪುರುಷನೂ ಮುಂದೆ ಅಬ್ರಹಾಮನೆನಿಸಿಕೊಂಡವನೂ ಆದ, ಇನ್ನೂ ಮಕ್ಕಳಿಲ್ಲದ ಅಬ್ರಾಮನು, ಈ ದೇಶ ನನ್ನದಾಗುವುದೆಂದು ನಾನು ಹೇಗೆ ತಿಳಿಯಲಿ ಎಂದು ಕೇಳುತ್ತಾನೆ. ಮೂರು ವರುಷದ ಕಡಸು, ಆಡು, ಟಗರು, ಜೊತೆಗೆ ಒಂದು ಬೆಳವಕ್ಕಿ, ಒಂದು ಪಾರಿವಾಳದ ಮರಿ ತರಲು ದೇವರು ಹೇಳುತ್ತಾನೆ. ಅಬ್ರಾಮನು ಪಶುಗಳನ್ನು ಕಡಿದು ಎದುರುಬದುರಾಗಿ ಇಡುತ್ತಾನೆ, ಮೇಲೆರಗುವ ಹದ್ದುಗಳನ್ನು ಓಡಿಸುತ್ತ ಕೂರುತ್ತಾನೆ. ಆ ಕಾಲದ ಜನರು ತುಂಡುಗಳ ನಡುವೆ ಹಾದುಹೋಗುವುದೆಂದರೆ, ಮಾತಿಗೆ ತಪ್ಪಿದರೆ ನನಗೂ ಈ ಪಶುವಿನ ಗತಿ ಬರಲಿ ಎಂದು ತಮ್ಮ ಮೇಲೆ ತಾವೇ ಶಾಪ ಹಾಕಿಕೊಂಡಂತೆ. ಇಲ್ಲಿ ಹಾದುಹೋಗಬೇಕಾದವನು ಅಬ್ರಾಮನೆಂದು ಓದುಗನು ಕಾಯುತ್ತಿರುವಾಗ, ಹೊತ್ತು ಮುಳುಗಿ ಅವನಿಗೆ ಗಾಢನಿದ್ರೆ ಹತ್ತುತ್ತದೆ. ಕಗ್ಗತ್ತಲೆಯಲ್ಲಿ ಹೊಗೆಯಾಡುವ ಒಲೆಯೂ ಉರಿಯುವ ದೀವಟಿಗೆಯೂ ಆ ತುಂಡುಗಳ ನಡುವೆ ಹಾದುಹೋಗುತ್ತವೆ. ನಡೆದವನು ದೇವರೊಬ್ಬನೇ. ಅಬ್ರಾಮನು ಆ ರಾತ್ರಿ ಒಂದು ಹೆಜ್ಜೆಯನ್ನೂ ಇಡಲಿಲ್ಲ.

ನಾನಿದನ್ನು ಇಷ್ಟು ಎಳೆದು ಬರೆಯುವುದಕ್ಕೆ ಕಾರಣವಿದೆ. ಕಾಲೇಜಿನಲ್ಲಿದ್ದಾಗ ನಾನೂ ದೇವರೊಡನೆ ಒಂದು ಕರಾರು ಮಾಡಿಕೊಂಡಿದ್ದೆ. ಪರೀಕ್ಷೆಯಲ್ಲಿ ಪಾಸು ಮಾಡಿಸು, ವರುಷವಿಡೀ ಒಂದು ಭಾನುವಾರವೂ ಆರಾಧನೆ ತಪ್ಪಿಸುವುದಿಲ್ಲ ಎಂದು. ಫೇಲಾದೆ, ಕೊಟ್ಟ ಮಾತಿನಂತೆ ನಡೆಯದ ವ್ಯಾಪಾರಿಯ ಮೇಲೆ ಸಿಟ್ಟಾಗುವಂತೆ ದೇವರ ಮೇಲೆ ಸಿಟ್ಟಾಗಿ ಆರು ತಿಂಗಳು ದೇವಾಲಯದ ಕಡೆಗೆ ತಲೆ ಹಾಕಲಿಲ್ಲ. ಕರಾರಿನಲ್ಲಿ ಸರಕು ಕೈಬದಲಾಗುತ್ತದೆ, ಬಾಕಿ ತೀರಿದರೆ ಸಂಬಂಧವೂ ತೀರಿತು. ಒಡಂಬಡಿಕೆ ಬೀಗತನದ ಹಾಗೆ. ಅಲ್ಲಿ ಮನುಷ್ಯರು ಮನುಷ್ಯರಿಗೆ ಸೇರುತ್ತಾರೆ, ಜಗಳವಾಡಿದರೂ ನಂಟು ಉಳಿಯುತ್ತದೆ. ಇಸ್ರಾಯೇಲ್ಯರು ಮುರಿದರು, ದೇವರು ಬಿಟ್ಟನು ಎನ್ನುವವರು ಬೀಗತನವನ್ನು ವ್ಯಾಪಾರಕ್ಕೆ ಇಳಿಸಿರುತ್ತಾರೆ.

ಐಗುಪ್ತದಿಂದ ಹೊರಬಂದ ಮೇಲೆ ಸೀನಾಯಿ ಬೆಟ್ಟದಲ್ಲಿ ಜನರೂ ಮಾತು ಕೊಟ್ಟರಲ್ಲವೇ ಎಂದು ನೀನು ಕೇಳುತ್ತೀ. ಕೊಟ್ಟರು. ವಿಮೋಚನಾಕಾಂಡದ 24ರಲ್ಲಿ ಮೋಶೆಯು ಯಜ್ಞದ ರಕ್ತದಲ್ಲಿ ಅರ್ಧವನ್ನು ಯಜ್ಞವೇದಿಗೂ ಉಳಿದರ್ಧವನ್ನು ಜನರ ಮೇಲೂ ಚಿಮುಕಿಸುತ್ತಾನೆ. ಯೆಹೋವನು ಹೇಳಿದ್ದೆಲ್ಲವನ್ನೂ ಮಾಡುತ್ತೇವೆ ಎಂದು ಜನರು ಒಕ್ಕೊರಲಿನಿಂದ ಹೇಳುತ್ತಾರೆ. ಆದರೆ ಹತ್ತು ಆಜ್ಞೆಗಳು ಶುರುವಾಗುವುದು ಆಜ್ಞೆಯಿಂದಲ್ಲ ಎಂಬುದನ್ನು ಗಮನಿಸು. ದಾಸತ್ವದಲ್ಲಿದ್ದ ನಿನ್ನನ್ನು ಐಗುಪ್ತದಿಂದ ಹೊರತಂದವನು ನಾನು ಎಂಬ ಮಾತು ಮೊದಲು. ಹೀಗಿರು, ಹಾಗಿರಬೇಡ ಎಂಬುದು ಆಮೇಲೆ. ಬಿಡುಗಡೆ ಮುಂದೆ, ನಿಯಮ ಹಿಂದೆ. ಮೋಶೆಯು ನಲವತ್ತು ಹಗಲು ನಲವತ್ತು ರಾತ್ರಿ ಬೆಟ್ಟದ ಮೇಲೆ ಇದ್ದು ಇಳಿಯುವಷ್ಟರಲ್ಲಿ ಜನರು ಚಿನ್ನದ ಬಸವನನ್ನು ಎರಕಹೊಯ್ದು ಕುಣಿಯುತ್ತಿದ್ದರು. ಅಂದು ಅವರ ಪರವಾಗಿ ವಾದಿಸಿದ ಮೋಶೆಯು ಜನರ ಯೋಗ್ಯತೆಯನ್ನು ಎತ್ತಲಿಲ್ಲ, ಎತ್ತಲು ಏನೂ ಇರಲಿಲ್ಲ. ಅಬ್ರಹಾಮ, ಇಸಾಕ, ಇಸ್ರಾಯೇಲರಿಗೆ ಕೊಟ್ಟ ಮಾತನ್ನು ನೆನಪುಮಾಡಿಕೋ ಎಂದು ದೇವರಿಗೇ ಹೇಳಿದನು. ಕತ್ತಲೆಯಲ್ಲಿ ಹಾದುಹೋದ ಆ ದೀವಟಿಗೆಯ ಬೆಳಕಿನಲ್ಲೇ ಸೀನಾಯಿಯ ಜನರು ಬದುಕಿದರು. ಸೀನಾಯಿಯಲ್ಲಿ ಕೊಟ್ಟ ಧರ್ಮಶಾಸ್ತ್ರವು 430 ವರುಷಗಳ ಮೇಲೆ ಬಂದು ಮೊದಲಿನ ವಾಗ್ದಾನವನ್ನು ರದ್ದುಮಾಡಲಾರದು ಎಂದು ಅಪೊಸ್ತಲನಾದ ಪೌಲನು ಗಲಾತ್ಯದವರಿಗೆ ಬರೆದದ್ದೂ ಇದೇ ಮಾತು.

ಹಾಗೆಂದು ಮುರಿದದ್ದಕ್ಕೆ ಬೆಲೆ ತೆರಬೇಕಾಗಲಿಲ್ಲ ಎಂದುಕೊಳ್ಳಬೇಡ. ಯೆರೆಮೀಯನ 34ನೆಯ ಅಧ್ಯಾಯವನ್ನು ನಮ್ಮ ಪ್ರಸಂಗಗಳಲ್ಲಿ ನಾನು ಕೇಳಿದ್ದೇ ಇಲ್ಲ, ಅದೇಕೋ ಕಾಣೆ. ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದಾಗ ಅರಸನಾದ ಚಿದ್ಕೀಯನ ಮಾತಿನಂತೆ ಪ್ರಧಾನರೂ ಜನರೂ ಕಡಿದ ಕರುವಿನ ತುಂಡುಗಳ ನಡುವೆ ಹಾದು, ತಮ್ಮ ಇಬ್ರಿಯ ದಾಸದಾಸಿಯರನ್ನು ಬಿಡುಗಡೆ ಮಾಡುತ್ತೇವೆಂದು ಒಡಂಬಟ್ಟರು, ಮಾಡಿದರು ಕೂಡ. ಮುತ್ತಿಗೆ ಸಡಿಲವಾಯಿತು, ಬಿಟ್ಟವರನ್ನೆಲ್ಲ ಮತ್ತೆ ಹಿಡಿತಂದು ದುಡಿಸಿಕೊಂಡರು. ಭಯ ಇರುವ ತನಕ ಭಕ್ತಿ! ಆ ಕರುವಿನ ಗತಿಯೇ ನಿಮಗೂ ಎಂದು ಪ್ರವಾದಿ ಹೇಳಿದನು. ಬಹುಬೇಗ ಪಟ್ಟಣ ಬಿದ್ದು ಸುಟ್ಟುಹೋಯಿತು. ಇಸ್ರಾಯೇಲ್ಯರು ಆರಿಸಲ್ಪಟ್ಟದ್ದು ಮುದ್ದಿಗಾಗಿ ಅಲ್ಲ. ಭೂಮಿಯ ಎಲ್ಲ ಕುಲಗಳಲ್ಲಿ ನಿಮ್ಮನ್ನು ಮಾತ್ರ ಅರಿತೆನು, ಆದ್ದರಿಂದಲೇ ನಿಮ್ಮನ್ನು ದಂಡಿಸುವೆನು ಎಂದು ಆಮೋಸನು ಹೇಳುತ್ತಾನೆ. ದೀಕ್ಷಾಸ್ನಾನ ಹೊಂದಿದ ನಮಗೂ ಆ ಮಾತು ತಗಲುತ್ತದೆಂದು ನನ್ನ ಎಣಿಕೆ.

ಇನ್ನು ಹೊಸ ಒಡಂಬಡಿಕೆ. ಅದರ ಮಾತು ಮೊದಲು ಬಂದದ್ದು ಪಟ್ಟಣ ಕುಸಿಯುತ್ತಿದ್ದ ಆ ಯೆರೆಮೀಯನ ಬಾಯಿಂದಲೇ, 31ನೆಯ ಅಧ್ಯಾಯದಲ್ಲಿ. ಅದು ಯಾರ ಸಂಗಡ ಎಂದು ಬೆರಳಿಟ್ಟು ಓದು: ಇಸ್ರಾಯೇಲ್ ವಂಶದವರ ಮತ್ತು ಯೆಹೂದ ವಂಶದವರ ಸಂಗಡ. ಕೊನೆಯ ಭೋಜನದಲ್ಲಿ ಪಾತ್ರೆಯನ್ನೆತ್ತಿ, ಇದು ಒಡಂಬಡಿಕೆಯ ನನ್ನ ರಕ್ತ ಎಂದ ಯೇಸು ಯೆಹೂದ್ಯನು, ಅದನ್ನು ಕುಡಿದವರು ಯೆಹೂದ್ಯರು, ಆ ಮಾತು ಮೋಶೆ ಸೀನಾಯಿಯಲ್ಲಿ ಆಡಿದ್ದು, ಆ ಹಬ್ಬ ಐಗುಪ್ತದ ಬಿಡುಗಡೆಯ ಪಸ್ಕ. ಮಾತು ಮುರಿದವನ ಮೇಲೆ ಬೀಳಬೇಕಾದ ಶಾಪವನ್ನು, ಅಂದು ತುಂಡುಗಳ ನಡುವೆ ಒಂಟಿಯಾಗಿ ನಡೆದವನೇ ಮರುದಿನ ಶಿಲುಬೆಯಲ್ಲಿ ತನ್ನ ಮೈಮೇಲೆ ತೆಗೆದುಕೊಂಡನು ಎಂಬುದು ನನ್ನ ನಂಬಿಕೆ. ಕರ್ತನ ಭೋಜನಕ್ಕೆ ಕೈಚಾಚುವಾಗಲೆಲ್ಲ ನನಗೆ ಆ ಹೊಗೆಯಾಡುವ ಒಲೆ ನೆನಪಾಗುತ್ತದೆ.

ನಾವೋ ಅನ್ಯಜನರು, ವಾಗ್ದಾನದ ಒಡಂಬಡಿಕೆಗಳಿಗೆ ಹೊರಗಿನವರಾಗಿದ್ದೆವು. ಪೌಲನು ರೋಮಾಪುರದವರಿಗೆ ಬರೆದ 11ನೆಯ ಅಧ್ಯಾಯದಲ್ಲಿ ನಾವು ಊರ ಎಣ್ಣೆಮರಕ್ಕೆ, ಅಂದರೆ ಆಲಿವ್ ಮರಕ್ಕೆ, ಕಸಿಕಟ್ಟಿದ ಕಾಡುಕೊಂಬೆ. ಕೆಲವು ಕೊಂಬೆಗಳು ಮುರಿದುಹಾಕಲ್ಪಟ್ಟವೆಂದು ಅವನು ಮುಚ್ಚಿಡದೆ ಹೇಳುತ್ತಾನೆ. ಆದರೆ ಬೇರನ್ನು ನೀನು ಹೊತ್ತಿಲ್ಲ, ಬೇರೇ ನಿನ್ನನ್ನು ಹೊತ್ತಿದೆ, ಹೆಚ್ಚಳಪಡಬೇಡ ಎಂದು ಗದರಿಸುವುದು ನಮ್ಮನ್ನು. ದೇವರು ತನ್ನ ಜನರನ್ನು ತಳ್ಳಿಬಿಟ್ಟನೋ ಎಂದು ಆ ಹುಡುಗನ ಪ್ರಶ್ನೆಯನ್ನೇ ಕೇಳಿ, ಎಂದಿಗೂ ಇಲ್ಲ ಎಂದು ಅವನೇ ಉತ್ತರಿಸಿದ್ದಾನೆ.

ಸಭೆಯು ಆ ಗದರಿಕೆಯನ್ನು ಮರೆತದ್ದರ ಫಲ ಚರಿತ್ರೆಯಲ್ಲಿದೆ. ಹಳೆ ಒಡಂಬಡಿಕೆಯ ದೇವರೇ ಬೇರೆ ಎಂದ ಮಾರ್ಸಿಯನನನ್ನು ರೋಮಿನ ಸಭೆ 144ರಲ್ಲಿ ಹೊರಹಾಕಿತು, ಸರಿಯೇ. ಆದರೆ 1096ರಲ್ಲಿ ಶಿಲುಬೆ ಧರಿಸಿ ಯೆರೂಸಲೇಮಿಗೆ ಹೊರಟ ಗುಂಪುಗಳು ದಾರಿಯಲ್ಲಿ ವೋರ್ಮ್ಸ್, ಮೈಂಟ್ಸ್ ಪಟ್ಟಣಗಳ ಯೆಹೂದ್ಯರನ್ನು ಕೊಂದವು. ನಾವು ಗೌರವಿಸುವ ಲೂಥರನು 1543ರಲ್ಲಿ ಅವರ ಪ್ರಾರ್ಥನಾಮಂದಿರಗಳಿಗೆ ಬೆಂಕಿಯಿಡಬೇಕೆಂದು ಬರೆದನು. 'ದೇವರು ಕೈಬಿಟ್ಟವರು' ಎಂಬ ಮಾತು ಎಲ್ಲಿಗೆ ಮುಟ್ಟುತ್ತದೆ ನೋಡು. ಕ್ಯಾಥೋಲಿಕರು ತಮ್ಮ ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ, 1965ರ ಅಕ್ಟೋಬರ್ 28ರಂದು, ಯೆಹೂದ್ಯರನ್ನು ದೇವರು ತಿರಸ್ಕರಿಸಿದವರೆಂದು ಹೇಳಬಾರದೆಂದು ಘೋಷಿಸಿದರು. ಆಧಾರವಾಗಿ ನೆಚ್ಚಿದ್ದು ಇದೇ ಪೌಲನ ಪತ್ರವನ್ನು. (ಇದಕ್ಕೂ ಇಂದಿನ ಇಸ್ರೇಲ್ ಸರ್ಕಾರ ಮಾಡುವುದೆಲ್ಲ ಸರಿ ಎನ್ನುವುದಕ್ಕೂ ಗಂಟು ಹಾಕಬೇಡ. ಅರಸರನ್ನು ಪ್ರವಾದಿಗಳೇ ಬಿಡಲಿಲ್ಲ.)

ಇಬ್ರಿಯರಿಗೆ ಬರೆದ ಪತ್ರದ 8ನೆಯ ಅಧ್ಯಾಯವು ಮೊದಲನೆಯದನ್ನು ಹಳೆಯದಾಯಿತು ಎನ್ನುತ್ತದಲ್ಲ ಎಂದು ಯಾರಾದರೂ ನಿನ್ನನ್ನು ಕೇಳಬಹುದು. ಕೇಳಲಿ, ಆ ವಚನವನ್ನು ಮರೆಮಾಡಬೇಡ. ಅಲ್ಲಿನ ವಾದ ಯಾಜಕರ ಸೇವೆ, ಗುಡಾರ, ಯಜ್ಞಗಳನ್ನು ಕುರಿತದ್ದು. ಅದೇ ಪತ್ರ ಮುಂದೆ 11ರಲ್ಲಿ ನಂಬಿಕೆಗೆ ಮಾದರಿ ಬೇಕಾದಾಗ ಅಬ್ರಹಾಮನ, ಸಾರಳ, ಮೋಶೆಯ ಹೆಸರನ್ನೇ ಹಿಡಿಯುತ್ತದೆ. ಅಲ್ಲದೆ ಆ 8ನೆಯ ಅಧ್ಯಾಯ ಉದ್ದಕ್ಕೆ ಎತ್ತಿಕೊಂಡಿರುವುದು ಯೆರೆಮೀಯನ 31ನ್ನು, 34ನೆಯ ವಚನದವರೆಗೆ. ನಮ್ಮ ಓದೂ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಬರುವ ಭಾನುವಾರ ಆ ಹುಡುಗನ ಕೈಗೇ ಬೈಬಲು ಕೊಟ್ಟು 37ರ ತನಕ ಗಟ್ಟಿಯಾಗಿ ಓದಿಸು. ಹಗಲಿಗೆ ಸೂರ್ಯನನ್ನೂ ಇರುಳಿಗೆ ಚಂದ್ರನಕ್ಷತ್ರಗಳನ್ನೂ ನೇಮಿಸಿದ ಕಟ್ಟಳೆ ತಪ್ಪಿದರೆ ಮಾತ್ರ ಇಸ್ರಾಯೇಲಿನ ಸಂತತಿಯು ನನ್ನ ಮುಂದೆ ಜನಾಂಗವಾಗಿರದೆ ಹೋಗುವುದು ಎಂದಿದೆ ಅಲ್ಲಿ. ಓದಿ ಮುಗಿಸಿದ ಮೇಲೆ ಅವನ ಪ್ರಶ್ನೆಯನ್ನು ನೀನು ಅವನಿಗೇ ತಿರುಗಿ ಕೇಳು. ಅವನು ಏನೆಂದನೆಂದು ನನಗೆ ಬರೆ.

ನಿನ್ನ ದೊಡ್ಡಪ್ಪ