ಸುಲ್ತಾನರ ಕಾಲದ ಮಹಜರುಗಳನ್ನು ಉಳಿಸಿಕೊಳ್ಳಬೇಕು

ಮಾನ್ಯ ಸಂಪಾದಕರೇ,

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನಮ್ಮ ಎಡೆದೊರೆ ನಾಡಿನ ಚರಿತ್ರೆಯನ್ನು ಕುರಿತ ಬರಹಗಳು ಸಾಮಾನ್ಯವಾಗಿ 1520ರ ರಾಯಚೂರು ಕಾಳಗದಿಂದ ಆರಂಭವಾಗಿ ಅಲ್ಲಿಗೇ ನಿಂತುಬಿಡುತ್ತವೆ. ಬಹಮನಿಗಳು, ವಿಜಯನಗರದ ಅರಸರು, ಆದಿಲ್‌ಶಾಹಿಗಳು ಈ ನಾಡನ್ನು ಗೆದ್ದದ್ದು, ಕಳೆದುಕೊಂಡದ್ದು ಶಾಲೆಯ ಮಕ್ಕಳಿಗೂ ಗೊತ್ತಿದೆ. ಗೆದ್ದ ಮೇಲೆ ಸುಲ್ತಾನರು ಯಾವ ಕಾನೂನಿನಿಂದ ಆಳಿದರು, ಒಬ್ಬ ಒಕ್ಕಲಿಗನ ಹೊಲದ ವ್ಯಾಜ್ಯ ಯಾರ ಮುಂದೆ ತೀರುತ್ತಿತ್ತು ಎಂದು ಕೇಳಿದರೆ ಉತ್ತರ ಹೇಳುವವರು ವಿರಳ. ಆ ಉತ್ತರ ಮಹಜರುಗಳಲ್ಲಿದೆ, ಎಂದರೆ ವ್ಯಾಜ್ಯವನ್ನು ಊರವರ ಸಮಕ್ಷಮದಲ್ಲಿ ತೀರಿಸಿ ಬರೆದಿಟ್ಟ ಕಾಗದಗಳಲ್ಲಿದೆ.

ಸುಲ್ತಾನರ ಆಡಳಿತವೆಂದರೆ ಷರಿಯತ್ತಿನ ಆಡಳಿತ ಎಂದು ಹೊಗಳುವವರೂ ತೆಗಳುವವರೂ ಒಂದೇ ಸಮನೆ ನಂಬಿದ್ದಾರೆ. ಆ ಕಾಲದ ಪಂಡಿತರಿಗೇ ಈ ನಂಬಿಕೆ ಇರಲಿಲ್ಲ. ದಿಲ್ಲಿಯ ಅಲಾವುದ್ದೀನ್ ಖಿಲ್ಜಿಗೆ ಖಾಜಿ ಮುಘೀಸುದ್ದೀನ್, ನಿಮ್ಮ ಕಠೋರ ಶಿಕ್ಷೆಗಳಿಗೂ ಖಜಾನೆಯ ಹಣವನ್ನು ನೀವು ಬಳಸುವ ರೀತಿಗೂ ಧರ್ಮಶಾಸ್ತ್ರದ ಸಮ್ಮತಿ ಇಲ್ಲವೆಂದು ಮುಖಕ್ಕೆ ಹೇಳಿದಾಗ, ಅದು ಶಾಸ್ತ್ರಸಮ್ಮತವೋ ಅಲ್ಲವೋ ತಿಳಿಯದು, ರಾಜ್ಯಕ್ಕೆ ಯಾವುದು ಹಿತವೆಂದು ತೋರುವುದೋ ಅದನ್ನು ಆಜ್ಞಾಪಿಸುತ್ತೇನೆ ಎಂಬರ್ಥದ ಉತ್ತರವನ್ನು ಸುಲ್ತಾನ ಕೊಟ್ಟನೆಂದು ಚರಿತ್ರೆಕಾರ ಜಿಯಾವುದ್ದೀನ್ ಬರನಿ ದಾಖಲಿಸಿದ್ದಾನೆ. ಅರಸನು ಸ್ವತಃ ಮಾಡುವ ಇಂಥ ಕಟ್ಟಳೆಗಳಿಗೆ ಜವಾಬಿತ್ ಎಂಬ ಹೆಸರಿತ್ತು. ಅವು ಏಕೆ ಅನಿವಾರ್ಯವೆಂದು ಬರನಿಯೇ ತನ್ನ ರಾಜನೀತಿ ಗ್ರಂಥದಲ್ಲಿ ಚರ್ಚಿಸಿದ್ದಾನೆ.

ನಮ್ಮ ದಖ್ಖನಿನಲ್ಲಿಯೂ ಹೀಗೆಯೇ ಇತ್ತು. ಮುದಗಲ್ಲಿನಿಂದ ಹೊತ್ತಿಕೊಂಡ ಯುದ್ಧದ ಕೊನೆಗೆ, 1367ರ ಸುಮಾರಿಗೆ, ಸೆರೆಸಿಕ್ಕವರನ್ನೂ ಆಯುಧ ಹಿಡಿಯದವರನ್ನೂ ಕೊಲ್ಲಬಾರದೆಂದು ಒಂದನೆಯ ಮಹಮ್ಮದ್ ಶಾಹ ಬಹಮನಿ ವಿಜಯನಗರದೊಂದಿಗೆ ಒಪ್ಪಂದ ಮಾಡಿಕೊಂಡನೆಂದು ಚರಿತ್ರೆಕಾರ ಫರಿಷ್ತಾ ಬರೆಯುತ್ತಾನೆ. ಎರಡು ಶತಮಾನಗಳ ಅನಂತರ ಬಿಜಾಪುರದಲ್ಲಿ ಕುಳಿತು ಬರೆದ ಅವನು ಆ ಯುದ್ಧದಲ್ಲಿ ಸತ್ತವರ ಬಗ್ಗೆ ಕೊಡುವ ಲೆಕ್ಕವನ್ನು ನಾನು ನಂಬುವುದಿಲ್ಲ. ಆದರೆ ಈ ಷರತ್ತಿನ ನೆನಪು ಅಷ್ಟು ಕಾಲ ಉಳಿದುಬಂದದ್ದನ್ನು ಲಘುವಾಗಿ ಕಾಣಲಾರೆ. 1534ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಇಬ್ರಾಹಿಂ ಆದಿಲ್‌ಶಾಹ ಸರಕಾರಿ ಲೆಕ್ಕಪತ್ರಗಳನ್ನು ಪಾರಸಿಯಿಂದ ನಾಡಭಾಷೆಗೆ ತಂದು, ಆ ಕೆಲಸಕ್ಕೆ ಬ್ರಾಹ್ಮಣ ಲೆಕ್ಕಿಗರನ್ನು ನೇಮಿಸಿದನೆಂದು ಹೇಳುವವನೂ ಫರಿಷ್ತಾನೇ.

ಕಾನೂನು ಸೋತ ಸಂದರ್ಭಗಳನ್ನೂ ಮರೆಮಾಚಬಾರದು. ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ವಜೀರ ಮಹಮೂದ್ ಗವಾನ್ ಭೂಮಿಯನ್ನು ಅಳತೆ ಮಾಡಿಸಿದ, ರಾಜ್ಯದ ನಾಲ್ಕು ತರಫುಗಳನ್ನು, ಎಂದರೆ ಪ್ರಾಂತಗಳನ್ನು, ಎಂಟಾಗಿ ಒಡೆದ, ಒಬ್ಬೊಬ್ಬ ತರಫ್‌ದಾರನ ವಶಕ್ಕೆ ಒಂದೇ ಕೋಟೆ ಬಿಟ್ಟು ಉಳಿದವನ್ನು ನೇರವಾಗಿ ಅರಸನ ಅಧೀನಕ್ಕೆ ತಂದ. ಇದನ್ನು ಸಹಿಸದವರು ಅವನ ಮುದ್ರೆಯೊತ್ತಿದ ಖಾಲಿ ಕಾಗದವನ್ನು ಸಂಪಾದಿಸಿ, ಅದರಲ್ಲಿ ರಾಜದ್ರೋಹದ ಪತ್ರ ಬರೆದು ಸುಲ್ತಾನನಿಗೆ ಒಪ್ಪಿಸಿದರು. ವಿಚಾರಣೆಯೇ ಇಲ್ಲದೆ 1481ರಲ್ಲಿ ಗವಾನನ ತಲೆ ಹೋಯಿತು. ಹತ್ತು ವರ್ಷಗಳೊಳಗೆ ಬಹಮನಿ ರಾಜ್ಯ ಒಡೆಯತೊಡಗಿತು.

ಒಂದು ಮುದ್ರೆಯನ್ನು ನಂಬಿ ದರ್ಬಾರು ಮಾಡಿದ ಈ ಅನ್ಯಾಯದ ಪಕ್ಕದಲ್ಲಿ ಆದಿಲ್‌ಶಾಹಿ ಸೀಮೆಯ ಮಹಜರುಗಳನ್ನು ಇಟ್ಟು ನೋಡಬೇಕೆಂಬುದು ನನ್ನ ಆಗ್ರಹ. ಗೌಡಿಕೆಗೋ ಕುಲಕರ್ಣಿಕೆಗೋ ಇಬ್ಬರು ಹಕ್ಕು ಸಾಧಿಸಿದಾಗ ಸರಕಾರದ ಅಧಿಕಾರಿ, ಖಾಜಿ, ಸೀಮೆಯ ವಂಶಪಾರಂಪರ್ಯ ಅಧಿಕಾರಿಗಳಾದ ದೇಸಾಯಿ, ದೇಶಪಾಂಡೆ, ಸುತ್ತಲಿನ ಊರುಗಳ ಗೌಡರು, ಶೆಟ್ಟರು, ಊರ ಸೇವೆಯ ಆಯಗಾರರು ಒಂದೆಡೆ ಕೂಡುತ್ತಿದ್ದರು. ವಾದಿ-ಪ್ರತಿವಾದಿಗಳ ಹೇಳಿಕೆ, ನೆರೆಹೊರೆಯವರ ಸಾಕ್ಷ್ಯ, ಊರಿನ ರೂಢಿ ಎಲ್ಲವೂ ಕಾಗದಕ್ಕೆ ಇಳಿಯುತ್ತಿದ್ದವು. ತಲೆಯಲ್ಲಿ ಖಾಜಿಯ ಮೊಹರು, ಕೆಳಗೆ ಕೂಡಿದವರ ಒಪ್ಪ. ಅಕ್ಷರ ಬಾರದ ಒಕ್ಕಲಿಗ ನೇಗಿಲಿನ ಗುರುತು ಬರೆದರೆ ವ್ಯಾಪಾರಿ ತಕ್ಕಡಿಯ ಗುರುತು ಬರೆಯುತ್ತಿದ್ದ. ಮುಸಲ್ಮಾನ ನ್ಯಾಯಾಧಿಕಾರಿಯ ಮುಂದೆ ಹಿಂದೂ ಕಕ್ಷಿದಾರರ ವ್ಯಾಜ್ಯವು ಅವರದೇ ರೂಢಿಯ ಪ್ರಕಾರ, ಊರವರ ಸಮಕ್ಷಮದಲ್ಲಿ ತೀರಿದ್ದಕ್ಕೆ ಇದಕ್ಕಿಂತ ನೇರವಾದ ಆಧಾರ ಬೇಕಿಲ್ಲ. ಬಲಿಷ್ಠರ ಮಾತು ಅಲ್ಲಿಯೂ ಹೆಚ್ಚು ನಡೆದಿರಬಹುದು, ಆದರೆ ಅಷ್ಟು ಜನರ ಕೈ ಬಿದ್ದ ಕಾಗದವನ್ನು ತಿದ್ದುವುದು ಸುಲಭವಿರಲಿಲ್ಲ.

ಬಿಜಾಪುರ ದರ್ಬಾರಿನ ಗ್ರಂಥಗಳಾದರೂ ಅಚ್ಚಾಗಿವೆ, ಅನುವಾದವಾಗಿವೆ. ಹಳ್ಳಿಯ ಮಟ್ಟದ ಈ ಕಾಗದಗಳು ಮಾತ್ರ ಮನೆತನಗಳ ಜಂತಿಯಲ್ಲಿ, ಸಂದೂಕದಲ್ಲಿ ಉಳಿದಿವೆ. ಲಿಂಗಸುಗೂರು ಕಡೆಯ ಒಂದು ಹಳೆಯ ಮನೆಯಲ್ಲಿ ಸನ್ನದು, ಇನಾಮು ಪತ್ರ, ನಿಜಾಮರ ಕಾಲದ ಉರ್ದು ದಾಖಲೆ ಎಲ್ಲವನ್ನೂ ಒಂದೇ ಬಟ್ಟೆಯಲ್ಲಿ ಕಟ್ಟಿಟ್ಟದ್ದನ್ನು ನೋಡಿದ್ದೇನೆ. ಅಂಚುಗಳನ್ನು ಗೆದ್ದಲು ತಿಂದಿತ್ತು, ಓದಬಲ್ಲವರು ಮನೆಯಲ್ಲಿ ಯಾರೂ ಇರಲಿಲ್ಲ. ಪಾರಸಿಯ ಓಟದ ಬರಹವನ್ನೂ ಹಳೆಯ ಕೂಡುಬರಹವಾದ ಮೋಡಿ ಲಿಪಿಯನ್ನೂ ಬಲ್ಲ ಹಿರಿಯರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ.

ಆದ್ದರಿಂದ ಪತ್ರಾಗಾರ ಇಲಾಖೆಯೂ ಈ ಭಾಗದ ವಿಶ್ವವಿದ್ಯಾಲಯಗಳೂ ಸೇರಿ ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ತಾಲ್ಲೂಕುವಾರು ಶಿಬಿರ ನಡೆಸಿ, ಮೂಲ ಪ್ರತಿಗಳನ್ನು ಮನೆಯವರ ಬಳಿಯೇ ಬಿಟ್ಟು, ಛಾಯಾಪ್ರತಿ ತೆಗೆದುಕೊಳ್ಳಬೇಕೆಂದು ವಿನಂತಿಸುತ್ತೇನೆ. ಆಸ್ತಿ ಹೋದೀತೆಂಬ ಭಯದಿಂದ ಅನೇಕರು ಕಾಗದ ತೋರಿಸುವುದಿಲ್ಲ. ಈ ದಾಖಲೀಕರಣಕ್ಕೂ ಜಮೀನಿನ ಹಕ್ಕಿಗೂ ಸಂಬಂಧವಿಲ್ಲವೆಂದು ಜಿಲ್ಲಾಧಿಕಾರಿಗಳು ಮೊದಲೇ ಲಿಖಿತವಾಗಿ ತಿಳಿಸಿದರೆ ಗಂಟುಗಳು ಬಿಚ್ಚಿಕೊಳ್ಳುತ್ತವೆ.

ನಿವೃತ್ತ ಇತಿಹಾಸ ಉಪನ್ಯಾಸಕ,
ರಾಯಚೂರು