ಬೋಲ್ಟ್ ತಲೆಯ ಅಂಕಿ, ಎಣ್ಣೆ ಡಬ್ಬಿಯ ಅಕ್ಷರ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ವಾಹನ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಹೊಸ ಕಾರು, ಹೊಸ ಬಣ್ಣ, ಹೊಸ ಟಚ್‌ಸ್ಕ್ರೀನ್, ಎಲ್ಲವೂ ಅಲ್ಲಿ ಬರುತ್ತವೆ. 16 ವರ್ಷದ ಕಾರನ್ನು ಇನ್ನೂ ಓಡಿಸುತ್ತಿರುವ ನನ್ನಂಥವರಿಗೆ ಬೇಕಾದದ್ದು ಮಾತ್ರ ಸಿಗುವುದಿಲ್ಲ. ಪತ್ರ ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಪೂರ್ತಿ ಓದಿ.

ನಾನು 31 ವರ್ಷ ಲೇತ್ ಮುಂದೆ ನಿಂತು ಕೆಲಸ ಮಾಡಿದವನು. ಬೋಲ್ಟ್ ಕೈಗೆ ಬಂದರೆ ಮೊದಲು ಅದರ ತಲೆ ನೋಡುವುದು ಅಭ್ಯಾಸ. ಹೋದ ವರ್ಷ ಒಂದು ವರ್ಕ್‌ಶಾಪ್‌ನಲ್ಲಿ ಕಾರಿನ ಬಲಗಡೆಯ ಸಸ್ಪೆನ್ಷನ್ ಕೆಲಸ ಮಾಡಿಸಿದೆ. ಜೊತೆಗೆ ಗೇರ್ ಬಾಕ್ಸ್ ಎಣ್ಣೆಯನ್ನೂ ಬದಲಾಯಿಸಿದರು. ಮನೆಗೆ ಬಂದು ಬಗ್ಗಿ ನೋಡಿದರೆ, ಚಕ್ರವನ್ನು ಕಾರಿಗೆ ಹಿಡಿದಿರುವ ಕೆಳಗಿನ ಆರ್ಮ್‌ಗೆ ಹಾಕಿದ್ದ ಹೊಸ ಬೋಲ್ಟ್‌ನ ತಲೆ ಬೋಳು. ಒಂದು ಅಂಕಿಯೂ ಇಲ್ಲ. ಮರುದಿನ ಹೋಗಿ ಕೇಳಿದೆ. "ಎಲ್ಲಾ ಒಂದೇ ಸರ್, ಸೈಜ್ ಸರಿ ಇದ್ರೆ ಆಯ್ತು" ಎಂದರು. ಒಂದು ತಿಂಗಳ ನಂತರ ಬೆಳಗ್ಗೆ ಎರಡನೇ ಗೇರ್ ಹಾಕುವಾಗ ಕರ್ ಎನ್ನತೊಡಗಿತು. ಯಾವ ಎಣ್ಣೆ ಹಾಕಿದ್ದೀರಿ ಎಂದು ಕೇಳಿದೆ. "ಗೇರ್ ಆಯಿಲ್ ಸರ್, ಎಲ್ಲಾ ಒಂದೇ." ಎರಡು ಸಲವೂ ಅದೇ ಮಾತು. ಎಲ್ಲಾ ಒಂದೇ ಅಲ್ಲ ಎಂದು ಹೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಈ ವರ್ಷ ಎಡಗಡೆಯ ಆರ್ಮ್ ಕೂರುವ ಜಾಗದ ರಬ್ಬರ್ ಮೆತ್ತೆ, ಅಂದರೆ ಬುಷ್, ಹರಿಯಿತು. ಹಂಪ್ ಇಳಿಯುವಾಗ ಟಕ್ ಎನ್ನುತ್ತಿತ್ತು. ನಾನೂ ಮಗಳೂ ಸೇರಿ ನಾವೇ ಬಿಚ್ಚೋಣ ಎಂದುಕೊಂಡೆವು. ನಟ್ಟು ಬಂತು, ಬೋಲ್ಟ್ ಬರಲಿಲ್ಲ. ಇದು ಯಾಕೆ ಹೀಗೆ ಎಂದು ತಿಳಿದರೆ ಅರ್ಧ ಕೆಲಸ ಆದ ಹಾಗೆ. ರಬ್ಬರ್ ಬುಷ್‌ನ ನಡುವೆ ಒಂದು ಉಕ್ಕಿನ ಕೊಳವೆ ಇರುತ್ತದೆ. ಬೋಲ್ಟ್ ಅದರೊಳಗೆ ಹಾದು ಹೋಗುತ್ತದೆ. ಆ ಸಣ್ಣ ಸಂದಿಗೆ ನೀರು ಸೇರುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿನ ಎರಡು ಪಟ್ಟಿಗಿಂತ ಜಾಸ್ತಿ ಜಾಗ ಬೇಡುತ್ತದೆ. ಜಾಗ ಇಲ್ಲ, ಹಾಗಾಗಿ ಕೊಳವೆ ಮತ್ತು ಬೋಲ್ಟ್ ಕಚ್ಚಿಕೊಂಡು ಒಂದಾಗುತ್ತವೆ. ಸ್ಪ್ಯಾನರ್ ತಿರುಗಿಸಿದರೆ ಬೋಲ್ಟ್ ತಿರುಗಿದಂತೆ ಕಾಣುತ್ತದೆ. ನಿಜಕ್ಕೂ ಕೊಳವೆಯೂ ಜೊತೆಗೆ ತಿರುಗುತ್ತಿರುತ್ತದೆ, ರಬ್ಬರ್ ತಿರುಚಿಕೊಂಡು ಮತ್ತೆ ವಾಪಸ್ ಎಳೆಯುತ್ತದೆ. ಸಡಿಲ ಆಗುತ್ತಿದೆ ಎಂದುಕೊಂಡು ಸುಮ್ನೆ ಗಂಟೆಗಟ್ಟಲೆ ಎಳೆಯುವವರನ್ನು ನೋಡಿದ್ದೇನೆ.

ಬಿಚ್ಚುವ ಎರಡು ದಿನ ಮೊದಲೇ ಶುರು ಮಾಡಬೇಕು. ತಂತಿ ಬ್ರಷ್‌ನಿಂದ ಥ್ರೆಡ್‌ನ ಮಣ್ಣು, ತುಕ್ಕು ಉಜ್ಜಿ ತೆಗೆಯಿರಿ. ಆಮೇಲೆ ಸಂದಿಯೊಳಗೆ ಇಳಿಯುವ ಪೆನೆಟ್ರೇಟಿಂಗ್ ಆಯಿಲ್, ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ತುಂಬಾ ಜನ ಇದಕ್ಕೆ ಸಾದಾ ಡಬ್ಲ್ಯೂಡಿ-40 ಹೊಡೆಯುತ್ತಾರೆ. ಅದು 1953ರಲ್ಲಿ ನೀರನ್ನು ಓಡಿಸಲು ಮಾಡಿದ ದ್ರವ. ನಲವತ್ತನೇ ಪ್ರಯತ್ನದಲ್ಲಿ ಸರಿಬಂತು ಎಂದು ಆ ಹೆಸರು. ಒಳ್ಳೆಯ ವಸ್ತುವೇ, ಆದರೆ ಕಚ್ಚಿಕೊಂಡ ಬೋಲ್ಟ್‌ಗೆ ಪೆನೆಟ್ರೆಂಟ್ ಎಂದು ಬರೆದಿರುವ ಡಬ್ಬಿಯೇ ಬೇಕು. ಸಾಕೆಟ್ ಆರು ಮೂಲೆಯದ್ದೇ ಇರಲಿ. ಹನ್ನೆರಡು ಮೂಲೆಯದ್ದು ತುಕ್ಕು ತಿಂದ ತಲೆಯನ್ನು ಬೇಗ ದುಂಡಗೆ ಮಾಡಿಬಿಡುತ್ತದೆ. ಮೊದಲು ಒಂದು ಕೂದಲಿನಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಬರುತ್ತಿದೆ ಅನ್ನಿಸಿದರೆ ಒಮ್ಮೆಲೇ ಎಳೆಯಬೇಡಿ. ಹಿಂದಕ್ಕೆ, ಮುಂದಕ್ಕೆ, ಮತ್ತೆ ಸ್ವಲ್ಪ ಎಣ್ಣೆ.

ಬೆಂಕಿಯ ವಿಷಯ ಜೋಪಾನ. ನಟ್ಟನ್ನು 300 ಡಿಗ್ರಿ ಬಿಸಿ ಮಾಡಿದರೆ 12 ಮಿ.ಮೀ. ತೂತು ಹಿಗ್ಗುವುದು ಸುಮಾರು 0.04 ಮಿ.ಮೀ. ಮಾತ್ರ. ಅಷ್ಟರಲ್ಲೇ ತುಕ್ಕಿನ ಹಿಡಿತ ಬಿರುಕು ಬಿಡುತ್ತದೆ. ಆದರೆ ಪಕ್ಕದಲ್ಲೇ ಬ್ರೇಕ್ ಹೋಸ್, ಎಬಿಎಸ್ ವೈರ್, ರಬ್ಬರ್ ಬೂಟ್ ಇರುತ್ತವೆ. ಇನ್ನೊಂದು ಮಾತು. ಕೆಲವು ಬ್ರೇಕ್ ಕ್ಲೀನರ್‌ಗಳಲ್ಲಿ ಕ್ಲೋರಿನ್ ಸೇರಿದ ದ್ರಾವಕ ಇರುತ್ತದೆ. ಅದನ್ನು ಹೊಡೆದ ಜಾಗಕ್ಕೆ ಜ್ವಾಲೆ ಹಿಡಿದರೆ ಫಾಸ್ಜೀನ್ ಎಂಬ ಅನಿಲ ಹುಟ್ಟಬಹುದು. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ಅನಿಲವೇ ಅದು. ದಯವಿಟ್ಟು ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾವತ್ತೂ ತಲೆ ಹಾಕಬೇಡಿ. ಸ್ಟ್ಯಾಂಡ್ ಇಡಿ.

ನಮ್ಮ ಬೋಲ್ಟ್ ಎಣ್ಣೆಗೂ ಬಗ್ಗಲಿಲ್ಲ, ಸುತ್ತಿಗೆಗೂ ಬಗ್ಗಲಿಲ್ಲ. ಕೊನೆಗೆ ಬ್ರ್ಯಾಕೆಟ್ ಮತ್ತು ಬುಷ್ ನಡುವಿನ ಸಂದಿಗೆ ಗರಗಸದ ಬ್ಲೇಡ್ ತೂರಿಸಿ ಎರಡೂ ಕಡೆ ಕತ್ತರಿಸಿದೆವು. ಒಂದೂವರೆ ಗಂಟೆ ಹಿಡಿಯಿತು. ಮಗಳು ಅರ್ಧ, ನಾನು ಅರ್ಧ. ಬುಷ್ ಹೇಗೂ ಹೋಗಿತ್ತು, ಬೋಲ್ಟ್ ಕೂಡ ಹೋಗಲಿ. ಬ್ರ್ಯಾಕೆಟ್ ಉಳಿಯಿತು, ಅದೇ ಮುಖ್ಯ.

ಹೊಸ ಬೋಲ್ಟ್ ತರುವಾಗ ಹಳೆಯದರ ತುಂಡು ಜೊತೆಗಿತ್ತು. ಅದರ ತಲೆಯ ಮೇಲೆ 10.9 ಎಂದಿತ್ತು. ಮೊದಲ ಅಂಕಿ 10 ಅಂದರೆ ಅದು 1,000 ಮೆಗಾಪಾಸ್ಕಲ್ (ಲೋಹದ ಬಲ ಅಳೆಯುವ ಮಾನ) ಎಳೆತ ತಡೆಯುತ್ತದೆ. ಚುಕ್ಕೆಯ ಮುಂದಿನ 9 ಅಂದರೆ ಅದರ ಶೇ 90ರವರೆಗೆ ಎಳೆದರೂ ಶಾಶ್ವತವಾಗಿ ಹಿಗ್ಗುವುದಿಲ್ಲ. 8.8 ಎಂದರೆ 800 ಮತ್ತು ಅದರ ಶೇ 80. ಅಂಕಿಯೇ ಇಲ್ಲದ ಬೋಲ್ಟ್‌ನ ಬಲ ಎಷ್ಟೆಂದು ಯಾರೂ ಹೇಳಲಾರರು. ಚಕ್ರವನ್ನು ಕಾರಿಗೆ ಹಿಡಿದಿಟ್ಟಿರುವ ಜಾಗದಲ್ಲಿ ಅಂಥದ್ದನ್ನು ಹಾಕಬಹುದೇ? ಥ್ರೆಡ್ ಕೂಡ ಗಮನಿಸಿ. 12 ಮಿ.ಮೀ. ಬೋಲ್ಟ್‌ನ ಸಾಮಾನ್ಯ ಪಿಚ್, ಅಂದರೆ ಒಂದು ಎಳೆಯಿಂದ ಇನ್ನೊಂದಕ್ಕೆ ಇರುವ ದೂರ, 1.75 ಮಿ.ಮೀ., ನಮ್ಮ ಕಾರಿನದ್ದು 1.25. ಎರಡೂ ಒಂದೇ ದಪ್ಪ. ಮೊದಲ ಸುತ್ತು ಹತ್ತಿದಂತೆಯೂ ಅನ್ನಿಸುತ್ತದೆ, ಆಮೇಲೆ ಥ್ರೆಡ್ ಹಾಳು.

"ಸ್ಟೇನ್‌ಲೆಸ್ ಹಾಕಿದರೆ ತುಕ್ಕೇ ಹಿಡಿಯಲ್ಲ ಅಲ್ವಾ?" ಎಂದು ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಸುಲಭವಾಗಿ ಸಿಗುವ ಎ2-70 ಸ್ಟೇನ್‌ಲೆಸ್ ಬೋಲ್ಟ್‌ನ ಬಲ 700. ಅಂದರೆ 8.8ಕ್ಕಿಂತಲೂ ಕಡಿಮೆ. ಜೊತೆಗೆ ಬಿಗಿ ಮಾಡುವಾಗ ಅದರ ಥ್ರೆಡ್‌ಗಳು ಒಂದಕ್ಕೊಂದು ಉಜ್ಜಿ ಬೆಸುಗೆ ಹಾಕಿದಂತೆ ಅಂಟಿಕೊಳ್ಳಬಹುದು. ತುಕ್ಕಿಗೆ ಮದ್ದು ಬೇರೆ ಇದೆ. ಕೊಳವೆಯೊಳಗೆ ಕೂರುವ ನಯವಾದ ಭಾಗಕ್ಕೆ ಕಚ್ಚಿಕೊಳ್ಳದಂತೆ ತಡೆಯುವ ಆಂಟಿ-ಸೀಝ್ ಪೇಸ್ಟ್ ತೆಳ್ಳಗೆ ಸವರಿ. ಕಂಪನಿ ಹೇಳದಿದ್ದರೆ ಥ್ರೆಡ್‌ಗೆ ಸವರಬೇಡಿ. ನಾವು ಹಾಕುವ ಟಾರ್ಕ್‌ನಲ್ಲಿ (ತಿರುಗಿಸುವ ಬಲದಲ್ಲಿ) ಸುಮಾರು ಹತ್ತನೇ ಒಂದು ಭಾಗ ಮಾತ್ರ ಬೋಲ್ಟ್ ಎಳೆಯಲು ಹೋಗುತ್ತದೆ, ಉಳಿದದ್ದೆಲ್ಲ ಉಜ್ಜಾಟಕ್ಕೆ. ಥ್ರೆಡ್ ಜಾರತೊಡಗಿದರೆ ಅದೇ ಟಾರ್ಕ್‌ಗೆ ಬೋಲ್ಟ್ ಅಳತೆ ಮೀರಿ ಎಳೆಯಲ್ಪಡುತ್ತದೆ.

ಕಾರು ಮೇಲೆ ನೇತಾಡುತ್ತಿರುವಾಗ ಬುಷ್ ಬೋಲ್ಟ್ ಪೂರ್ತಿ ಬಿಗಿ ಮಾಡಬೇಡಿ. ಹಾಗೆ ಮಾಡಿದರೆ ಕಾರು ಕೆಳಗಿಳಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಚಕ್ರದ ಮೇಲೆ ಕಾರಿನ ಭಾರ ಬಂದ ಮೇಲೆ ಟಾರ್ಕ್ ರೆಂಚ್ ಹಾಕಿ. ಅಲೈನ್‌ಮೆಂಟ್ ಕೂಡ ಮಾಡಿಸಿ.

ಇನ್ನು ಎಣ್ಣೆ. ವರ್ಕ್‌ಶಾಪ್‌ನವರು ಹಾಕಿದ್ದು ಜಿಎಲ್-5 ದರ್ಜೆಯ ಗೇರ್ ಎಣ್ಣೆ ಎಂದು ಆಮೇಲೆ ತಿಳಿಯಿತು. ನನ್ನ ಕಾರಿನ ಕೈಪಿಡಿ ಕೇಳುವುದು ಜಿಎಲ್-4. ನಾಲ್ಕಕ್ಕಿಂತ ಐದು ದೊಡ್ಡದು, ಹಾಗಾಗಿ ಒಳ್ಳೆಯದು ಎಂಬ ಭಾವನೆ ಎಲ್ಲೆಡೆ ಇದೆ. ಜಿಎಲ್-5 ಮಾಡಿರುವುದು ಆಕ್ಸಲ್‌ನ ಹೈಪಾಯ್ಡ್ ಗೇರ್‌ಗೆ. ಅಲ್ಲಿ ಹಲ್ಲುಗಳು ಭಾರೀ ಒತ್ತಡದಲ್ಲಿ ಒಂದರ ಮೇಲೊಂದು ಜಾರುತ್ತವೆ. ಅದಕ್ಕೆಂದು ಗಂಧಕ, ರಂಜಕದ ಸೇರ್ಪಡೆ ಜಿಎಲ್-4ರ ಸುಮಾರು ಎರಡು ಪಟ್ಟು ಇರುತ್ತದೆ. ಗೇರ್ ಬಾಕ್ಸ್‌ನ ಕಥೆ ಬೇರೆ. ಅಲ್ಲಿ ಸಿಂಕ್ರೊ ಎಂಬ ಉಂಗುರಗಳಿವೆ, ತುಂಬಾ ಕಾರುಗಳಲ್ಲಿ ಅವು ಹಿತ್ತಾಳೆಯವು. ಎರಡು ಗೇರ್‌ಗಳ ವೇಗವನ್ನು ಸಮ ಮಾಡುವುದು ಅವುಗಳ ಕೆಲಸ, ಮತ್ತು ಅವು ಅದನ್ನು ಮಾಡುವುದು ಉಜ್ಜಿಯೇ. ಎಣ್ಣೆ ಅತಿಯಾಗಿ ಜಾರಿದರೆ ಉಂಗುರಕ್ಕೆ ಹಿಡಿತ ಸಿಗದೆ ಗೇರ್ ಕರ್ ಎನ್ನುತ್ತದೆ. ಕೆಲವು ಗಂಧಕದ ಸೇರ್ಪಡೆಗಳು ಹಿತ್ತಾಳೆಯನ್ನೇ ತಿನ್ನುತ್ತವೆ.

ಹಾಗೆಂದು ಎಲ್ಲರೂ ಜಿಎಲ್-4 ಹಾಕಿ ಎನ್ನುತ್ತಿಲ್ಲ. ಕೆಲವು ಗೇರ್ ಬಾಕ್ಸ್‌ಗಳು ಜಿಎಲ್-5 ಕೇಳುತ್ತವೆ. ಕೆಲವು ಆಟೊಮ್ಯಾಟಿಕ್‌ನ ಗೇರ್ ಬಾಕ್ಸ್ ಎಣ್ಣೆಯಾದ ಎಟಿಎಫ್ ಕೇಳುತ್ತವೆ. ಹಳೆಯ ಹೋಂಡಾ ಕಾರುಗಳಲ್ಲಿ ಎಂಜಿನ್ ಆಯಿಲನ್ನೇ ಹಾಕಲು ಹೇಳಿದ್ದೂ ಇದೆ. ಕೈಪಿಡಿ ಏನು ಹೇಳುತ್ತದೋ ಅದು. ದಪ್ಪದ ಅಂಕಿಯೂ ಹಾಗೆಯೇ. ಗೇರ್ ಎಣ್ಣೆಯ 90 ನೋಡಿ ಎಂಜಿನ್ ಎಣ್ಣೆಯ 40ಕ್ಕಿಂತ ಎರಡು ಪಟ್ಟು ದಪ್ಪ ಎಂದುಕೊಳ್ಳಬೇಡಿ. ಎರಡರ ಅಳತೆಗೋಲು ಬೇರೆ, ಬಿಸಿಯಾದಾಗ ಎರಡೂ ಹೆಚ್ಚುಕಡಿಮೆ ಹತ್ತಿರ ಹತ್ತಿರ.

ಎಣ್ಣೆ ಬದಲಾಯಿಸುವ ಮೊದಲು ತುಂಬುವ ಬಿರಡೆ ಬಿಚ್ಚಿ ನೋಡಿ. ಕೆಳಗಿನದ್ದು ಆಮೇಲೆ. ಎಣ್ಣೆ ಎಲ್ಲ ಸುರಿದ ಮೇಲೆ ಮೇಲಿನ ಬಿರಡೆ ಕಚ್ಚಿಕೊಂಡಿದೆ ಎಂದು ಗೊತ್ತಾದರೆ ಕಾರು ನಿಂತಲ್ಲೇ ನಿಲ್ಲುತ್ತದೆ. ನಮ್ಮದೂ ಕಚ್ಚಿಕೊಂಡಿತ್ತು, ಒಂದು ರಾತ್ರಿ ನೆನೆಯಲು ಬಿಟ್ಟೆವು. ಕಾರು ಸಮತಟ್ಟಾಗಿರಲಿ. ತುಂಬುವ ತೂತಿನಿಂದ ಎಣ್ಣೆ ತೊಟ್ಟಿಕ್ಕುವವರೆಗೆ ತುಂಬುವುದು ಹೆಚ್ಚಿನ ಕಾರುಗಳ ಲೆಕ್ಕ. ವಾಷರ್ ಹೊಸದು ಹಾಕಿ. ಹಳೆಯ ಎಣ್ಣೆಯನ್ನು ಮಣ್ಣಿಗೋ ಚರಂಡಿಗೋ ಸುರಿಯಬೇಡಿ.

ಕೆಳಗಿನ ಬಿರಡೆಯ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಅಂಟಿತ್ತು. ಅದು ಸಹಜ, ಚೂರುಗಳಿದ್ದರೆ ಮಾತ್ರ ಭಯ. ಆದರೆ ಟ್ರೇಗೆ ಇಳಿದ ಎಣ್ಣೆಯಲ್ಲಿ ಬಂಗಾರದ ಬಣ್ಣದ ಮಿನುಗು ಇತ್ತು. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅದನ್ನು ನೋಡಿ ಹೊಟ್ಟೆ ಉರಿಯಿತು. ಹದಿನೈದು ವರ್ಷ ನಿಶ್ಶಬ್ದವಾಗಿ ದುಡಿದ ಗೇರ್ ಬಾಕ್ಸ್ ಅದು. ಕೈಪಿಡಿಯಲ್ಲಿರುವ ಎಣ್ಣೆ ಹಾಕಿದ ಮೇಲೆ ಶಬ್ದ ತುಂಬಾ ಕಡಿಮೆಯಾಗಿದೆ. ಪೂರ್ತಿ ಹೋಗಿಲ್ಲ. ಸವೆದ ಹಿತ್ತಾಳೆ ವಾಪಸ್ ಬರುವುದಿಲ್ಲ.

ನಿಮ್ಮಲ್ಲಿ ಒಂದು ಬೇಡಿಕೆ. ವಾಹನ ಪುಟದ ಒಂದು ಮೂಲೆಯನ್ನು ಹಳೆಯ ಕಾರುಗಳಿಗೆ ಬಿಡಿ. ವರ್ಕ್‌ಶಾಪ್‌ಗಳಲ್ಲಿ ದುಡಿಯುವ ಹುಡುಗರೂ ನಿಮ್ಮ ಪತ್ರಿಕೆ ಓದುತ್ತಾರೆ. ಅವರಿಗೆ ಈ ಅಂಕಿಗಳ ಅರ್ಥವನ್ನು ಯಾರೂ ಕನ್ನಡದಲ್ಲಿ ಹೇಳಿಕೊಟ್ಟಿಲ್ಲ, ತಪ್ಪು ಅವರೊಬ್ಬರದ್ದೇ ಅಲ್ಲ. ಬೇಕಾದರೆ ನಾನೇ ಬರೆದು ಕಳಿಸುತ್ತೇನೆ.

ಬಲಗಡೆಯ ಆ ಬೋಳು ತಲೆಯ ಬೋಲ್ಟ್‌ಗೆ ನಿನ್ನೆ ಸಂಜೆ ಎಣ್ಣೆ ಹೊಡೆದು ಬಂದಿದ್ದೇನೆ. 10.9 ಬೋಲ್ಟ್ ಒಂದು ತಂದಿಟ್ಟಿದ್ದೇವೆ. ಭಾನುವಾರ ಬದಲಾಯಿಸುತ್ತೇವೆ.

ನಿಮ್ಮ ಓದುಗ,
ಒಬ್ಬ ನಿವೃತ್ತ ಲೇತ್ ಕೆಲಸಗಾರ