ಜೀಪಿನಿಂದ ಇಳಿದು ನಡೆಯೋಣ

ನೈರೋಬಿಯ ನಮ್ಮ ಕನ್ನಡಿಗರಿಗೆ ಕಾಡು ಅಂದರೆ ಮಸಾಯಿ ಮಾರಾ. ಊರಿಂದ ಅಪ್ಪ ಅಮ್ಮ ಬಂದರೂ ಅಲ್ಲಿಗೇ, ಮಕ್ಕಳಿಗೆ ರಜೆ ಬಂದರೂ ಅಲ್ಲಿಗೇ. ಜೀಪಿನಲ್ಲಿ ಕೂತು ಸಿಂಹ ನೋಡುವುದು, ಚಕ್ಕುಲಿ ತಿನ್ನುವುದು, ವಾಪಸ್ಸು ಬರುವುದು. ತಪ್ಪೇನಿಲ್ಲ ಬಿಡಿ. ಆದರೆ ಉತ್ತರಕ್ಕೆ ಸುಮಾರು 200 ಕಿ.ಮೀ. ಹೋದರೆ ನಾನ್ಯುಕಿ ಪಟ್ಟಣ, ಅದರ ಪಕ್ಕದಲ್ಲೇ ಮೌಂಟ್ ಕೆನ್ಯಾ. ಜನವರಿ, ಫೆಬ್ರವರಿಯಲ್ಲಿ ಅಲ್ಲಿ ಮಳೆ ಕಡಿಮೆ. ಈ ಸಲ ಅಲ್ಲಿಗೆ ಯಾಕೆ ಹೋಗಬಾರದು?

ಶಿಖರದ ಹುಚ್ಚು ಮಾತ್ರ ಬೇಡ. 5,199 ಮೀಟರ್ ಎತ್ತರದ ಬಾಟಿಯಾನ್ ಹಗ್ಗ ಹಿಡಿದು ಬಂಡೆ ಹತ್ತುವವರಿಗೆ. ನಡೆಯುವವರ ಗುರಿ 4,985 ಮೀಟರಿನ ಲೆನಾನಾ. ಅದಕ್ಕೂ ಅವಸರ ಮಾಡಬಾರದು. ಒಂದು ರಾತ್ರಿ ಜಾಸ್ತಿ ತಂಗಿದರೆ ದೇಹ ತೆಳು ಗಾಳಿಗೆ ಹೊಂದಿಕೊಳ್ಳುತ್ತದೆ. ತಲೆನೋವು, ವಾಂತಿ ಜೋರಾದರೆ ಕೆಳಗಿಳಿಯುವುದೇ ಮದ್ದು. ಗೈಡುಗಳು ಸ್ವಾಹಿಲಿಯಲ್ಲಿ 'ಪೋಲೆ ಪೋಲೆ' (ನಿಧಾನ, ನಿಧಾನ) ಅನ್ನುವುದು ಸುಮ್ನೆ ಅಲ್ಲ. ಲೆನಾನಾ ತಲುಪದೆ ವಾಪಸ್ಸಾದರೂ ದುಡ್ಡು ದಂಡ ಅಂತ ನನಗೆ ಅನ್ನಿಸುವುದಿಲ್ಲ, ಯಾಕೆಂದರೆ ನೋಡಬೇಕಾದ್ದೆಲ್ಲ ದಾರಿಯಲ್ಲೇ ಇದೆ.

ಕೆಳಗಿನ ಕಾಡಿನಲ್ಲಿ ಆನೆ, ಕಾಡೆಮ್ಮೆ, ಕಪ್ಪು ಬಿಳುಪಿನ ಕೊಲೋಬಸ್ ಕೋತಿಗಳಿವೆ. ಆನೆ ಕಾಣದಿದ್ದರೂ ದಾರಿಯಲ್ಲಿ ಹಸಿ ಲದ್ದಿ ಬಿದ್ದಿದ್ದರೆ ಸಾಕು, ಜೀಪಿನಲ್ಲಿ ಬಾರದ ನಡುಕ ಆಗ ಬರುತ್ತದೆ. ಗೈಡಿನ ಮುಂದೆ ಓಡಬೇಡಿ. ಒಂಟಿ ಕಾಡೆಮ್ಮೆ ತಮಾಷೆಯಲ್ಲ.

ಮರಗಳು ಮುಗಿದ ಮೇಲೆ ಬೇರೆಯದೇ ಲೋಕ. ಸಮಭಾಜಕದ ಮೇಲಿದ್ದೂ ರಾತ್ರಿ ನೀರು ಹೆಪ್ಪುಗಟ್ಟುವ ಜಾಗ ಇದು. ಇಲ್ಲಿನ ದೈತ್ಯ ಲೊಬೀಲಿಯಾ ಗಿಡ ಎಲೆಗಳ ನಡುವೆ ನೀರು ತುಂಬಿಟ್ಟುಕೊಳ್ಳುತ್ತದೆ. ಇರುಳಲ್ಲಿ ಆ ನೀರಿನ ಮೇಲ್ಪದರ ಮಾತ್ರ ಮಂಜುಗಡ್ಡೆಯಾಗುತ್ತದೆ, ಒಳಗಿನ ಎಳೆ ಚಿಗುರು ಉಳಿಯುತ್ತದೆ. ಪಕ್ಕದ ದೈತ್ಯ ಗ್ರೌಂಡ್‌ಸೆಲ್ ಒಣಗಿದ ಎಲೆ ಉದುರಿಸದೆ ಕಾಂಡಕ್ಕೆ ಕಂಬಳಿ ಹೊದಿಸಿಕೊಂಡಿರುತ್ತದೆ. ಲೊಬೀಲಿಯಾ ಹೂವಿಗೆ ಸೂರಕ್ಕಿ ಬರುತ್ತದೆ, ಮಿರಮಿರ ಹಸಿರು ಬಣ್ಣದ್ದು.

ನನ್ನ ಮೆಚ್ಚಿನ ಪ್ರಾಣಿ ಮಾತ್ರ ಹೈರಾಕ್ಸ್. 4,200 ಮೀಟರಿನ ಶಿಪ್ಟನ್ಸ್ ಕ್ಯಾಂಪಿನಲ್ಲಿ ಬಂಡೆ ಸಂದಿಯಿಂದ ಬಂದು ನಿಮ್ಮ ಬಿಸ್ಕತ್ತಿಗೇ ಕಣ್ಣು ಹಾಕುತ್ತದೆ. ನೋಡಲು ಕಿವಿ ಮೊಂಡಾದ ಮೊಲದ ಹಾಗಿದ್ದರೂ ವಂಶದಲ್ಲಿ ಆನೆಗೆ ಹತ್ತಿರದ ನೆಂಟ! ದಯವಿಟ್ಟು ತಿಂಡಿ ಹಾಕಬೇಡಿ. ಮುದ್ದು ಮುಖ ನೋಡಿ ಮನಸ್ಸು ತಡೆಯುವುದಿಲ್ಲ, ಗೊತ್ತು. ಆದರೂ ಬೇಡ.

ಬೆಟ್ಟಕ್ಕೆ ದಾರಿಗಳು ಹಲವು. ಮೊದಲ ಸಲದವರಿಗೆ ನಿಧಾನವಾಗಿ ಏರುವ ಸಿರಿಮೋನ್ ದಾರಿಯೇ ಒಳ್ಳೆಯದು. ಅಲ್ಲಿಗೆ ತಿರುಗುವ ನಾನ್ಯುಕಿ–ಮೆರು ಹೆದ್ದಾರಿಯಲ್ಲೇ ಇನ್ನೂ ಮುಂದೆ ಒಂದು ಸೇತುವೆ ಇದೆ. 2011ರಿಂದ ಆನೆಗಳು ಅದರ ಕೆಳಗಿನಿಂದ ದಾಟಿ ಬೆಟ್ಟಕ್ಕೂ ಬಯಲಿನ ಕಾಡಿಗೂ ಓಡಾಡುತ್ತಿವೆ. ಮೇಲೆ ಲಾರಿ, ಕೆಳಗೆ ಆನೆ. ಬಂಡೀಪುರದ ರಾತ್ರಿ ಸಂಚಾರ ನಿಷೇಧದ ಜಗಳ ವರ್ಷಗಟ್ಟಲೆ ಕೇಳಿದ ನಾವು ಇಲ್ಲಿ ಕಾರು ನಿಧಾನ ಮಾಡಿ ನೋಡಲೇಬೇಕು, ಅಲ್ವಾ?

ಹೊರಡುವವರು ಹೆಸರು ಕೊಡಿ. ಸಸ್ಯಾಹಾರಿಗಳು ಅಡುಗೆಯವರಿಗೆ ಮೊದಲೇ ತಿಳಿಸಬೇಕು. ಉಪ್ಪಿನಕಾಯಿ ನನ್ನ ಕಡೆಯಿಂದ.